ನಂಜು, ಅಂಟು, ಜನ್ಯ: ಹುಲ್ಲೆಯ ರೋಗವನ್ನು ಕುರಿತ ನಮ್ಮ ಮಾತುಗಳು

ಪ್ರಾಣಿಗಳಿಗೂ ಮನುಷ್ಯರಿಗೂ ನಡುವೆ ದಾಟಾಡುವ ರೋಗಗಳಿಗೆ ಈಚಿನ ಕನ್ನಡದಲ್ಲಿ ‘ಪ್ರಾಣಿಜನ್ಯ ರೋಗ’ ಎಂಬ ಹೆಸರು ನೆಲೆಗೊಂಡಿದೆ. ಪಠ್ಯಪುಸ್ತಕಗಳಲ್ಲಿಯೂ ಕರಪತ್ರಗಳಲ್ಲಿಯೂ ದಿನಪತ್ರಿಕೆಗಳಲ್ಲಿಯೂ ಇದೇ ಮಾತು. ಸಮಾಸ ಶುದ್ಧವಾಗಿದೆ, ಕಿವಿಗೂ ಹಿತವಾಗಿದೆ. ಆದರೆ ಅರ್ಥದಲ್ಲಿ ಅದು ಅರ್ಧದಷ್ಟು ಮಾತ್ರ ನಿಜ. ರೋಗವು ಪ್ರಾಣಿಯಲ್ಲಿ ಹುಟ್ಟಿತು, ಮನುಷ್ಯನ ಮೇಲೆ ಬಂದು ಬಿದ್ದಿತು ಎಂಬ ಒಂದೇ ದಿಕ್ಕಿನ ಕಥೆಯನ್ನು ಅದು ಹೇಳುತ್ತದೆ. ಕಾಡಿನ ಜಿಂಕೆಗೆ ತಗಲುವ ರೋಗಗಳ ವಿಚಾರದಲ್ಲಿ ಈ ಕಥೆ ಅನೇಕ ವೇಳೆ ತಲೆಕೆಳಗಾದುದು. ರೋಗಕ್ಕೆ ಮದ್ದು ಕೊಡುವುದು ವೈದ್ಯರ ಕೆಲಸ. ಅದರಲ್ಲಿ ನಮಗೆ ಅಧಿಕಾರವಿಲ್ಲ. ಹೆಸರಾದರೊ ಭಾಷೆಗೆ ಸೇರಿದುದು. ಅದರ ಗುಣದೋಷಗಳನ್ನು ವಿಚಾರಮಾಡುವುದು ಕಾವ್ಯದ ಪದಗಳನ್ನು ತೂಗಿನೋಡಿ ಅಭ್ಯಾಸವಿರುವವರ ಕರ್ತವ್ಯವೇ ಆಗಿದೆಯೆಂದು ತಿಳಿದು ಈ ಲೇಖನವನ್ನು ಬರೆದಿದೆ.

ವಿಚಾರಕ್ಕೆ ಒಂದು ನೆಲವಿದ್ದರೆ ಒಳ್ಳೆಯದು. ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಇಲ್ಲಿ ಆರಿಸಿಕೊಂಡಿದೆ. ವೈನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಪಿಲೆ ಬಂಡೀಪುರಕ್ಕೂ ನಾಗರಹೊಳೆಗೂ ನಡುವೆ ೧೯೭೪ರಲ್ಲಿ ಮುಗಿದ ಕಟ್ಟೆಯ ಹಿನ್ನೀರಾಗಿ ನಿಂತು, ಅಲ್ಲಿಂದ ಇಳಿದು ನಂಜನಗೂಡಿನ ದೇವಾಲಯದ ಪಕ್ಕದಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಹಿನ್ನೀರು ಹಿಂಜರಿದಾಗ ಬಯಲಾದ ನೆಲದಲ್ಲಿ ಎಳೆಹುಲ್ಲು ಏಳುತ್ತದೆ; ಜಿಂಕೆ, ಕಡವೆ, ಕಾಟಿ, ಆನೆಗಳು ಅಲ್ಲಿ ನೆರೆಯುತ್ತವೆ. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಹೊಲಗಳು ಬಂಡೀಪುರದ ಕಾಡಿನ ಅಂಚನ್ನೇ ಮುಟ್ಟುತ್ತವೆ. ನರಸೀಪುರದ ಕಡೆ ಕಾಡಿಲ್ಲ, ನಾಲೆಗಳ ಕೆಳಗಿನ ಬತ್ತದ ಗದ್ದೆಗಳಿವೆ. ಸುತ್ತೂರಿನಲ್ಲಿ, ಮುಡುಕುತೊರೆಯಲ್ಲಿ ಜಾತ್ರೆಗಳ ಕಾಲಕ್ಕೆ ದನಗಳು ಸೇರುತ್ತವೆ. ಕಾಡು, ಹೊಲ, ಗದ್ದೆ, ಜಾತ್ರೆ ಇವೆಲ್ಲ ಒಂದೇ ಹೊಳೆಯ ಜಾಡಿನಲ್ಲಿ ಇರುವುದರಿಂದ ನಮ್ಮ ಮಾತುಗಳನ್ನು ಪರೀಕ್ಷಿಸಲು ಇದು ತಕ್ಕ ಸೀಮೆ. ಈ ಸೀಮೆಯ ಜಿಂಕೆಗಳಲ್ಲಿ ಇಂಥ ರೋಗವೆದ್ದಿದೆಯೆಂದು ಸಾರುವುದು ಈ ಲೇಖನದ ಉದ್ದೇಶವಲ್ಲ; ಎದ್ದರೆ ಅದನ್ನು ಹೇಳಲು ನಮ್ಮಲ್ಲಿ ಇರುವ ಮಾತು ಎಂಥದು ಎಂಬುದಷ್ಟೆ ಪ್ರಶ್ನೆ.

ಮೊದಲು ಕಾವ್ಯ. ಹುಲ್ಲೆ, ಎರಳೆ, ಮಿಗ, ಚಿಗರಿ, ಸಾರಂಗ, ಹರಿಣ ಎಂದು ಈ ಪ್ರಾಣಿಗೆ ನಮ್ಮಲ್ಲಿ ಹೆಸರುಗಳ ಬಡತನವಿಲ್ಲ. ಇವುಗಳಲ್ಲಿ ಕೃಷ್ಣಮೃಗ ಒಂದು ಕುಲ, ಚುಕ್ಕೆಯ ಜಿಂಕೆ ಬೇರೊಂದು ಕುಲ ಎಂಬ ಭೇದವನ್ನು ಪ್ರಾಣಿಶಾಸ್ತ್ರ ಮಾಡುತ್ತದೆ, ಕವಿಗಳು ಮಾಡುವುದಿಲ್ಲ. ಅದು ದೊಡ್ಡ ತಪ್ಪೂ ಅಲ್ಲ. ಕಾವ್ಯದ ಹುಲ್ಲೆಗೆ ಕಣ್ಣಿದೆ, ಬೆದರಿದ ನೋಟವಿದೆ, ನೆಗೆತವಿದೆ. ಅದು ಬಾಣಕ್ಕೆ ಗುರಿಯಾಗುತ್ತದೆ. ಭಾರತದ ಕಥೆಯಲ್ಲಿ ಹುಲ್ಲೆಯ ರೂಪದಲ್ಲಿದ್ದ ಋಷಿಯನ್ನು ಹೊಡೆದು ಪಾಂಡು ಶಾಪವನ್ನು ತಂದುಕೊಂಡನು. ರಾಮಾಯಣದಲ್ಲಿ ಹೊನ್ನಿನ ಜಿಂಕೆಯಾಗಿ ಬಂದವನು ಮಾರೀಚ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನು ನಿರ್ಮಿಸಿದ ಮೃಗಗಳು ಬೆಳೆಯನ್ನು ಹಾಳುಮಾಡುತ್ತವೆ, ಪ್ರಜೆಗಳು ಮೊರೆಯಿಡುತ್ತಾರೆ, ಅರಸನು ಬೇಟೆಗೆ ಹೊರಡುತ್ತಾನೆ. ಕಾಡಿನ ಅಂಚಿನ ಒಕ್ಕಲಿಗನ ಕಷ್ಟ ಅಲ್ಲಿ ಕಾವ್ಯದೊಳಕ್ಕೆ ಬಂದಿದೆಯೆಂಬುದು ನಿಜ. ಅದು ತಿಂದ ಬೆಳೆಯ ಕಷ್ಟ, ಹರಡಿದ ಬೇನೆಯದಲ್ಲ. ಹುಲ್ಲೆ ಸಾಯುವುದು ಬಾಣದಿಂದ, ಹುಲಿಯಿಂದ, ಕಾಳ್ಗಿಚ್ಚಿನಿಂದ. ರೋಗದಿಂದ ಸಾಯುವ ಹುಲ್ಲೆ ಕವಿಸಮಯಕ್ಕೆ ಹೊರಗು.

ಇದಕ್ಕೆ ಕಾರಣ ಎರಡು ಪದಗಳಲ್ಲಿ ಅಡಗಿದೆಯೆಂದು ತೋರುತ್ತದೆ. ಮೃಗವೆಂದರೆ ಅರಸಲ್ಪಡುವುದು, ಬೇಟೆಗೆ ಒಳಗಾಗುವುದು. ಮೃಗಯೆ ಎಂಬ ಮಾತು ಅದೇ ಧಾತುವಿನದು. ಪಶುವಾದರೊ ಪಾಶಕ್ಕೆ ಒಳಗಾದುದು ಎಂದು ಶೈವಶಾಸ್ತ್ರದ ನಿರ್ವಚನ. ಒಂದು ಅಟ್ಟಿ ಹಿಡಿಯತಕ್ಕದ್ದು, ಇನ್ನೊಂದು ಕಟ್ಟಿ ಸಾಕತಕ್ಕದ್ದು. ಎರಡೂ ಒಂದೇ ಹುಲ್ಲನ್ನು ಮೇಯುತ್ತವೆ, ಒಂದೇ ಮಡುವಿನಲ್ಲಿ ನೀರು ಕುಡಿಯುತ್ತವೆ ಎಂಬ ಸಂಗತಿ ಈ ಎರಡು ಪದಗಳ ನಡುವೆ ಜಾರಿಹೋಯಿತು.

ಜಾರದೆ ಉಳಿದ ಒಂದು ಸ್ಥಳವುಂಟು. ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಗಂಡನ ಮನೆಗೆ ಹೊರಟ ಶಕುಂತಲೆಯ ಸೆರಗನ್ನು ಹಿಂದಿನಿಂದ ಏನೋ ಎಳೆಯುತ್ತದೆ. ಅವಳು ಸಾಕಿದ ಹುಲ್ಲೆಮರಿ ಅದು. ದರ್ಭೆಯ ಮೊನೆ ಚುಚ್ಚಿ ಬಾಯಿ ಹುಣ್ಣಾಗಿದ್ದಾಗ ಅವಳು ಇಂಗುದಿಯ ಎಣ್ಣೆಯನ್ನು ಹಚ್ಚಿ ವಾಸಿಮಾಡಿದ್ದಳು, ಸಾವೆಯ ಕಾಳನ್ನು ಹಿಡಿಹಿಡಿಯಾಗಿ ಕೊಟ್ಟು ಬೆಳೆಸಿದ್ದಳು ಎಂದು ಕಣ್ವರು ನೆನಪುಮಾಡುತ್ತಾರೆ. ಚಾಮರಾಜೇಂದ್ರ ಒಡೆಯರ ಆಸ್ಥಾನದ ಬಸವಪ್ಪಶಾಸ್ತ್ರಿಗಳು (೧೮೪೩–೧೮೯೧) ಕನ್ನಡಿಸಿದ ಮೇಲೆ ಈ ಮರಿ ಮೈಸೂರಿನ ರಂಗದ ಮೇಲೂ ಬಂದಿತು. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಈ ಪದ್ಯವನ್ನು ವಾತ್ಸಲ್ಯಕ್ಕೆ ಉದಾಹರಣೆಯಾಗಿ ಪಾಠಹೇಳುವುದು ವಾಡಿಕೆ. ಅದು ಸರಿಯೆ. ಆದರೆ ಕಾಳಿದಾಸನ ಕಣ್ಣು ಎಷ್ಟು ಸೂಕ್ಷ್ಮವಾದುದೆಂಬುದನ್ನು ನೋಡಲು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಹುಲ್ಲು ಮೇಯುವ ಪ್ರಾಣಿಗೆ ಗಾಯವಾಗುವ ಸ್ಥಾನ ಬಾಯಿ. ಒಣಗಿದ ಮೊಂಡು ಹುಲ್ಲು, ಮುಳ್ಳಿನ ಕುಡಿ ಇವು ಒಸಡನ್ನು ತುಟಿಯನ್ನು ಗೀರುತ್ತವೆ. ನಮ್ಮ ರೈತರು ನೆರಡಿಯೆಂದು ಕರೆಯುವ, ವೈದ್ಯರು ಆಂಥ್ರಾಕ್ಸ್ ಎನ್ನುವ ರೋಗದ ಬ್ಯಾಕ್ಟೀರಿಯ ಮಣ್ಣಿನಲ್ಲಿ ಬೀಜಕಗಳಾಗಿ ಹತ್ತಾರು ವರ್ಷ ಬದುಕಿರಬಲ್ಲದು. ಬೇಸಗೆಯಲ್ಲಿ ಹುಲ್ಲು ಗಿಡ್ಡವಾಗಿ ಪ್ರಾಣಿ ನೆಲಕ್ಕೆ ಬಾಯಿ ತಾಗಿಸಿ ಮೇಯುವಾಗ ಮಣ್ಣೂ ಒಳಗೆ ಹೋಗುತ್ತದೆ. ಬಾಯೊಳಗೆ ಗೀರುಗಾಯವಿದ್ದರೆ ಬೀಜಕಗಳಿಗೆ ಬಾಗಿಲು ತೆರೆದಂತೆ. ಕವಿಗೆ ಈ ಶಾಸ್ತ್ರ ತಿಳಿದಿತ್ತೆಂದು ಹೇಳುವುದು ಹುಚ್ಚುಸಾಹಸವಾದೀತು. ಕವಿ ಕಂಡದ್ದು ಗಾಯವನ್ನು. ಆದರೆ ಸರಿಯಾದ ಜಾಗದಲ್ಲಿ ಕಂಡನು, ಅದಕ್ಕೆ ಎಣ್ಣೆಯನ್ನೂ ಹಚ್ಚಿಸಿದನು. ಆ ಮರಿ ಪಶುವೂ ಅಲ್ಲ, ಮೃಗವೂ ಅಲ್ಲ, ಆಶ್ರಮದ್ದು. ಚಿಕಿತ್ಸೆ ಪಡೆದ ಹುಲ್ಲೆಯೊಂದು ನಮ್ಮ ಪಾಠಗಳಲ್ಲಿ ದೊರೆಯುವುದು ಆ ಎಲ್ಲೆಗೆರೆಯ ಮೇಲೆಯೇ ಎಂಬುದು ಗಮನಿಸತಕ್ಕ ಸಂಗತಿ.

ಹುಲ್ಲೆಯ ಪ್ರಸ್ತಾಪದಲ್ಲಿ ಇನ್ನೊಂದು ಮಾತನ್ನು ಹೇಳದಿರಲು ಮನಸ್ಸು ಬಾರದು. ಕ್ಷಯಕ್ಕೆ ರಾಜಯಕ್ಷ್ಮವೆಂಬ ಹೆಸರು ಬಂದುದು, ದಕ್ಷನ ಕೋಪಕ್ಕೆ ಸಿಕ್ಕಿ ಆ ರೋಗವನ್ನು ಅನುಭವಿಸಿದ ಚಂದ್ರನಿಂದ ಎಂದು ಚರಕಾದಿಗಳು ಹೇಳುತ್ತಾರೆ. ಆ ಚಂದ್ರನೇ ಮೃಗಾಂಕ. ಅವನ ಮಡಿಲಲ್ಲಿ ಹುಲ್ಲೆ. ಕ್ಷಯಕ್ಕೆ ಕೊಡುವ ಒಂದು ರಸೌಷಧಕ್ಕೆ ರಾಜಮೃಗಾಂಕವೆಂದೇ ಹೆಸರು. ಹುಲ್ಲೆಗೂ ಹಸುವಿಗೂ ಮನುಷ್ಯನಿಗೂ ತಗಲಬಲ್ಲ ಕ್ಷಯದ ಬ್ಯಾಕ್ಟೀರಿಯವೊಂದು ಉಂಟೆಂಬುದನ್ನು ತಿಳಿದ ನಮಗೆ ಇದು ಬೆರಗನ್ನು ಹುಟ್ಟಿಸುತ್ತದೆ. ಆದರೆ ಇದು ಕಾಕತಾಳೀಯ. ಇಂಥ ಹೋಲಿಕೆಗಳ ಮೇಲೆ ಪೂರ್ವಿಕರ ವಿಜ್ಞಾನವನ್ನು ಕಟ್ಟುವ ಅಭ್ಯಾಸ ನಮ್ಮಲ್ಲಿ ಈಚೆಗೆ ಹೆಚ್ಚುತ್ತಿರುವುದರಿಂದ ಇಷ್ಟನ್ನು ಒತ್ತಿ ಹೇಳಬೇಕಾಯಿತು.

ಕಾವ್ಯವನ್ನು ಬಿಟ್ಟು ಶಾಸ್ತ್ರಕ್ಕೆ ಬಂದರೆ ಕನ್ನಡ ಹೆಮ್ಮೆಪಡುವಂತಿದೆ. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ (ಕ್ರಿ.ಶ. ೧೦೨೫) ಪಶುವೈದ್ಯವೂ ವಿಷವೈದ್ಯವೂ ಇವೆ. ಚಾಲುಕ್ಯರ ಮನೆತನದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದ ಹೊತ್ತಿಗೆ ಗೋವೈದ್ಯವನ್ನು ಬರೆದನು. ಮದ್ದು ಮಂತ್ರ ಎರಡೂ ಬೆರೆತ ಗ್ರಂಥವದು. ಅಭಿನವಚಂದ್ರನ ಅಶ್ವಶಾಸ್ತ್ರ ಸುಮಾರು ೧೪೦೦ರದು. ಇವರನ್ನೆಲ್ಲ ನಮಗೆ ಪರಿಚಯಮಾಡಿಕೊಟ್ಟ ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ ಹೊರಬಂದುದು ೧೯೦೭ರಲ್ಲಿ. ಈ ಗ್ರಂಥಗಳ ಪಟ್ಟಿಯನ್ನು ನೋಡಿದರೆ ಒಂದು ನಿಯಮ ಹೊಳೆಯುತ್ತದೆ: ಒಡೆಯನಿದ್ದ ಪ್ರಾಣಿಗೆ ವೈದ್ಯವಿತ್ತು. ಆಕಳಿಗೆ ಒಕ್ಕಲು, ಕುದುರೆಗೆ ದಂಡು, ಆನೆಗೆ ಅರಮನೆ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದಾಗ ಅದರ ಕಾವಲುಗಳಲ್ಲಿ ಅರಸರ ದನಗಳೂ ಕಾಡಿನ ಹುಲ್ಲೆಗಳೂ ಕೂಡಿಯೇ ಮೇಯುತ್ತಿದ್ದವು. ಲೆಕ್ಕದ ಕಡತಕ್ಕೆ ಸೇರುತ್ತಿದ್ದುದು ದನ ಮಾತ್ರ. ಹುಲ್ಲೆಗೆ ಒಡೆಯನಿಲ್ಲ, ಆದ್ದರಿಂದ ಹುಲ್ಲೆವೈದ್ಯವಿಲ್ಲ.

ನಂಜನಗೂಡಿನ ಪ್ರಸಿದ್ಧವಾದ ಐತಿಹ್ಯವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಟಿಪ್ಪುಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ದೃಷ್ಟಿ ಬಂದಿತಂತೆ. ಸುಲ್ತಾನನು ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನಂತೆ. ದೇವರಿಗೆ ವೈದ್ಯನ ಬಿರುದನ್ನು ಕೊಡಿಸಿದ ರೋಗಿ ಪ್ರಾಣಿಯೇ ಹೌದು, ಆದರೆ ಅರಮನೆಯ ಪ್ರಾಣಿ.

ನಂಜುಂಡನ ಹೆಸರಿನಲ್ಲಿ ಇರುವ ನಂಜು ಎಂಬ ಪದವನ್ನು ಇಲ್ಲಿ ಕೊಂಚ ನಿಂತು ನೋಡಬೇಕು. ನಂಜು ವಿಷ, ವಿಷವನ್ನು ಉಂಡವನು ನಂಜುಂಡ. ಆದರೆ ಬಳಕೆಯಲ್ಲಿ ಪದ ಇನ್ನೂ ಮುಂದೆ ಹೋಗಿದೆ. ಗಾಯ ಕೆಟ್ಟು ಬಾತುಕೊಂಡರೆ ‘ನಂಜಾಯಿತು’ ಎನ್ನುತ್ತೇವೆ, ಅದು ಮೈಗೆಲ್ಲ ಹರಡಿದರೆ ‘ನಂಜೇರಿತು’ ಎನ್ನುತ್ತೇವೆ. ಗಾಯವಿದ್ದವನು ಬದನೆಕಾಯಿ ತಿನ್ನಬಾರದು, ಅದು ನಂಜು ಎಂದು ಮನೆಯ ಹಿರಿಯರು ತಡೆಯುತ್ತಾರೆ. (ಬದನೆಕಾಯಿಯ ಮೇಲಿನ ಈ ಆಪಾದನೆಯನ್ನು ವೈದ್ಯರು ಇತ್ಯರ್ಥಮಾಡಲಿ.) ಸೂಕ್ಷ್ಮಜೀವಿ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಹೊರಗಿನಿಂದ ಬಂದು ಒಳಗೆ ಕೊಳೆತು ವಿಷವಾಗುವ ಒಂದು ಕ್ರಿಯೆಯನ್ನು ಈ ಪದ ಹಿಡಿದಿಟ್ಟಿತು. ನೆರಡಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಬ್ಯಾಕ್ಟೀರಿಯ ಸ್ರವಿಸುವ ವಿಷವೇ ಎಂದು ಇಂದು ತಿಳಿದಿರುವುದನ್ನು ನೆನೆದರೆ ‘ರೋಗಾಣು’ ಎಂಬ ನಿರ್ಜೀವ ಸಮಾಸಕ್ಕಿಂತ ‘ನಂಜು’ ಎಷ್ಟೋ ಮೇಲು. ಆದರೆ ಅದಕ್ಕೂ ಒಂದು ಕೊರತೆಯಿದೆ. ನಂಜು ಒಂದು ಮೈಯೊಳಗಿನ ಕಥೆ. ಆ ಮೈಯಿಂದ ಬೇರೊಂದು ಮೈಗೆ ಹೋಗುವ ದಾರಿಯನ್ನು ಅದು ಹೇಳುವುದಿಲ್ಲ.

ದಾರಿಯನ್ನು ಹೇಳುವ ಮಾತು ‘ಅಂಟು’. ಅಂಟುಜಾಡ್ಯವೆಂಬುದು ನಮ್ಮ ಅಜ್ಜಂದಿರ ಕಾಲದ ಸರಕಾರೀ ಕನ್ನಡದಲ್ಲಿ ಕೂಡ ಸಲೀಸಾಗಿ ಓಡಾಡಿದ ಪದ. ಅಂಟುವುದಕ್ಕೆ ದಿಕ್ಕಿಲ್ಲ: ಇದಕ್ಕೆ ಅದು ಅಂಟಿದರೆ ಅದಕ್ಕೆ ಇದೂ ಅಂಟಿತು. ಸುಶ್ರುತನು ಔಪಸರ್ಗಿಕ ರೋಗಗಳನ್ನು ಹೇಳುವಲ್ಲಿ ಸ್ಪರ್ಶ, ಉಸಿರು, ಒಟ್ಟಿಗೆ ಉಣ್ಣುವುದು, ಮಲಗುವುದು ಎಂದು ದಾರಿಗಳನ್ನು ಎಣಿಸಿದ್ದಾನೆ. ಅಲ್ಲಿ ಎರಡು ಕೊನೆಗಳಲ್ಲಿಯೂ ಇರುವವರು ಮನುಷ್ಯರು. ಕನ್ನಡದ ಅಂಟು ಹಾಗೆ ಮನುಷ್ಯರಿಗೆ ಕಟ್ಟುಬಿದ್ದಿಲ್ಲ. ದನಕ್ಕೂ ಉಂಟು, ಕುರಿಗೂ ಉಂಟು. ಇಷ್ಟಾದರೂ ಅಂಟು ಎಲ್ಲ ದಾರಿಗಳಿಗೂ ಒಪ್ಪದು. ನೆರಡಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ನೇರವಾಗಿ ಅಂಟುವುದು ವಿರಳ. ಅದು ಮಣ್ಣಿನ ಮೂಲಕ ಬರುತ್ತದೆ.

ರೈತರ ಬಾಯಲ್ಲಿರುವ ದನದ ಬೇನೆಗಳ ಹೆಸರುಗಳು ಇವೆರಡಕ್ಕಿಂತಲೂ ಕುಶಲವಾದವು. ತೊಡೆಯ ಮಾಂಸಖಂಡ ಬಾತು, ಒತ್ತಿದರೆ ಚರಚರ ಸದ್ದಾಗುವುದು ಚಪ್ಪೆಬೇನೆ. ಗಂಟಲು ಊದಿ, ಉಸಿರು ಗೊರಗುಟ್ಟಿ, ಒಂದೆರಡು ದಿನಗಳಲ್ಲಿ ಪ್ರಾಣ ತೆಗೆಯುವುದು ಗಳಲೆ, ಗಂಟಲುಬೇನೆಯೆಂದೂ ಹೇಳುವುದುಂಟು. ಗಬ್ಬದ ಹಸು ತಿಂಗಳು ತುಂಬುವ ಮೊದಲೆ ಕರುವನ್ನು ಬಿಸುಡುವುದು ಕಂದುಹಾಕುವ ರೋಗ. ಈ ಹೆಸರುಗಳು ಯಾವ ಪ್ರಾಣಿಯ ಮೇಲೂ ತಪ್ಪು ಹೊರಿಸುವುದಿಲ್ಲ, ಯಾವ ದೇಶದ ಮೇಲೂ ಹೊರಿಸುವುದಿಲ್ಲ. ಕಂದುರೋಗದ ಬ್ಯಾಕ್ಟೀರಿಯವನ್ನು ೧೮೮೭ರಲ್ಲಿ ಡೇವಿಡ್ ಬ್ರೂಸನು ಮಾಲ್ಟಾ ದ್ವೀಪದಲ್ಲಿ ಸಿಪಾಯಿಗಳ ದೇಹದಿಂದ ಕಂಡುಹಿಡಿದನು. ಅದು ಆಡಿನ ಹಾಲಿನಿಂದ ಬರುವುದೆಂದು ಜಮ್ಮಿತನು ೧೯೦೫ರಲ್ಲಿ ತೋರಿಸಿದನು. ಮನುಷ್ಯನಲ್ಲಿ ಅದು ಏರಿಳಿಯುವ ಜ್ವರವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಐರೋಪ್ಯರು ಅದನ್ನು ‘ಮಾಲ್ಟಾ ಜ್ವರ’ ಎಂದು ಕರೆದು ಒಂದು ದ್ವೀಪಕ್ಕೆ ಕೆಟ್ಟ ಹೆಸರು ತಂದರು. ನಮ್ಮ ಒಕ್ಕಲಿಗನು ಕಣ್ಣಿಗೆ ಕಂಡುದನ್ನು ಹೆಸರಿಸಿ ಸುಮ್ಮನಾದನು. ಅಷ್ಟೇ ಅಲ್ಲ, ಆ ಹೆಸರೇ ಎಚ್ಚರಿಕೆಯನ್ನೂ ಹೇಳುತ್ತದೆ: ಬಿದ್ದ ಕಂದಿನಲ್ಲಿ, ಸತ್ತೆಯಲ್ಲಿ, ಕಾಯಿಸದ ಹಾಲಿನಲ್ಲಿ ರೋಗವಿರುತ್ತದೆ; ಬರಿಗೈಯಲ್ಲಿ ಅದನ್ನು ಎತ್ತಿಹಾಕಿದವನಿಗೆ ತಗಲುತ್ತದೆ.

ಜನರ ನುಡಿಯಲ್ಲಿ ಶಾಸ್ತ್ರ ಅಡಗಿರುವುದಕ್ಕೆ ಹೊರದೇಶದ ಒಂದು ಉದಾಹರಣೆ ಸಾಕು. ಫ್ರಾನ್ಸಿನ ಕುರಿಗಾಹಿಗಳು ಕೆಲವು ಹೊಲಗಳನ್ನು ಶಾಪತಟ್ಟಿದ ಹೊಲಗಳೆಂದು ಕರೆದು ಅಲ್ಲಿ ಮಂದೆಯನ್ನು ಬಿಡುತ್ತಿರಲಿಲ್ಲ. ನೆರಡಿಯ ಬ್ಯಾಕ್ಟೀರಿಯದ ಜೀವನಕ್ರಮವನ್ನು, ಅದು ಬೀಜಕವಾಗುವ ಬಗೆಯನ್ನು ಜರ್ಮನಿಯ ಕಾಖ್ ೧೮೭೬ರಲ್ಲಿ ತೋರಿಸಿದ ಮೇಲೆ, ಪಾಸ್ತರನು ಆ ಹೊಲಗಳನ್ನು ಪರೀಕ್ಷಿಸಿದನು. ಹಿಂದೆ ಹೂತ ಕುರಿಗಳ ಬೀಜಕಗಳು ಮಣ್ಣಿನಲ್ಲಿ ಉಳಿದಿದ್ದವು. ಎರೆಹುಳುಗಳು ಅವನ್ನು ಮೇಲಕ್ಕೆ ತರುತ್ತವೆಂದು ಅವನು ಹೇಳಿದನು. ೧೮೮೧ರಲ್ಲಿ ಲಸಿಕೆಯ ಪ್ರಸಿದ್ಧವಾದ ಪ್ರಯೋಗ ನಡೆಯಿತು. ಕುರಿಗಾಹಿಗಳ ‘ಶಾಪ’ ಎಂಬ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದ್ದ ಪಂಡಿತರಿಗಿಂತ ಕುರಿಗಾಹಿಗಳೇ ನಿಜಕ್ಕೆ ಹತ್ತಿರವಾಗಿದ್ದರು.

ಈಗ ಹೊಸ ಹೆಸರುಗಳ ಕಡೆಗೆ ತಿರುಗೋಣ. ಇಲಿಜ್ವರ, ಮಂಗನ ಕಾಯಿಲೆ, ಪ್ರಾಣಿಜನ್ಯ ರೋಗ: ಮೂರಕ್ಕೂ ಒಂದೇ ದೋಷ. ಮಂಗನ ಕಾಯಿಲೆಯೆಂದು ನಾವು ಕರೆಯುವುದು ೧೯೫೭ರಲ್ಲಿ ಶಿವಮೊಗ್ಗೆಯ ಕ್ಯಾಸನೂರಿನ ಕಾಡಿನಲ್ಲಿ ಗೊತ್ತಾದ ವೈರಾಣುವಿನ ರೋಗ; ಅದನ್ನು ಹರಡುವುದು ಉಣ್ಣೆ. ೨೦೧೨ರಲ್ಲಿ ಅದು ಬಂಡೀಪುರದ ಕಾಡಿನಲ್ಲಿಯೂ ಕಾಣಿಸಿಕೊಂಡಿತು. ಅದರಲ್ಲಿ ಮಂಗವೂ ಮನುಷ್ಯನಂತೆ ಸಾಯುತ್ತದೆ. ಸತ್ತವನ ಹೆಸರನ್ನು ಕೊಂದವನಿಗೆ ಇಟ್ಟಂತಾಯಿತು. ಇದು ಬ್ಯಾಕ್ಟೀರಿಯದ ರೋಗವಲ್ಲವಾದ್ದರಿಂದ ಪ್ರಕೃತಕ್ಕೆ ಹೊರಗು. ಹೆಸರಿನ ದೋಷಕ್ಕೆ ಮಾತ್ರ ಉದಾಹರಿಸಿತು. ಇಲಿಜ್ವರ ಬ್ಯಾಕ್ಟೀರಿಯದ್ದೆ. ೧೯೧೫ರಲ್ಲಿ ಜಪಾನಿನ ಇನಾಡ ಮತ್ತು ಇಡೊ ಎಂಬವರು ಅದರ ಸುರುಳಿಯಾಕಾರದ ಜೀವಿಯನ್ನು ಬೇರ್ಪಡಿಸಿದರು. ಇಲಿ ಅದಕ್ಕೆ ಮುಖ್ಯವಾದ ಮನೆಯೆಂಬುದು ಸುಳ್ಳಲ್ಲ. ಆದರೆ ದನ, ಹಂದಿ, ನಾಯಿ, ಕಾಡಿನ ಜಿಂಕೆ ಇವುಗಳ ಮೂತ್ರಪಿಂಡದಲ್ಲಿಯೂ ಅದು ನೆಲಸಬಲ್ಲದು, ಮೂತ್ರದ ಮೂಲಕ ನೀರನ್ನು ಸೇರಬಲ್ಲದು. ನಿಂತ ನೀರಿನಲ್ಲಿ ಬರಿಗಾಲಿನಲ್ಲಿ ಕೆಲಸಮಾಡುವವರಿಗೆ ಕಾಲಿನ ಬಿರುಕುಗಳ ಮೂಲಕ ಒಳಹೊಗುತ್ತದೆ. ನರಸೀಪುರದ ಕಡೆ ನಾಟಿಹಾಕುವ ಹೆಂಗಸಿಗೆ ‘ಇಲಿಜ್ವರ’ ಎಂಬ ಹೆಸರು ಏನನ್ನು ಕಲಿಸುತ್ತದೆ? ಮನೆಯಲ್ಲಿ ಇಲಿಬೋನು ಇಡುವುದನ್ನು. ಗದ್ದೆಯ ನೀರನ್ನೂ ಕಾಲಿನ ಗಾಯವನ್ನೂ ಅದು ಹೇಳುವುದಿಲ್ಲ. ಹೆಸರು ಪಾಠಹೇಳುತ್ತದೆ, ತಪ್ಪು ಹೆಸರು ತಪ್ಪು ಪಾಠವನ್ನು ಹೇಳುತ್ತದೆ.

‘ಪ್ರಾಣಿಜನ್ಯ’ದ ದೋಷ ಇನ್ನೂ ದೊಡ್ಡದು, ಏಕೆಂದರೆ ಅದು ಶಾಸ್ತ್ರದ ವೇಷದಲ್ಲಿದೆ. ಇದು ‘ಜೂನೋಸಿಸ್’ ಎಂಬ ಗ್ರೀಕ್ ಮೂಲದ ಪದಕ್ಕೆ ಪ್ರತಿಯಾಗಿ ಬಂದುದು. ಆ ಮೂಲದಲ್ಲಿ ಪ್ರಾಣಿ, ರೋಗ ಎಂಬ ಎರಡು ಅಂಶಗಳಿವೆಯೇ ಹೊರತು ‘ಹುಟ್ಟಿದ’ ಎಂಬ ಅಂಶವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ೧೯೫೯ರಲ್ಲಿ ಕೂಡಿ ಕೊಟ್ಟ ಲಕ್ಷಣದಲ್ಲಿ, ಬೆನ್ನೆಲುಬುಳ್ಳ ಪ್ರಾಣಿಗಳಿಗೂ ಮನುಷ್ಯರಿಗೂ ‘ನಡುವೆ’ ಸ್ವಾಭಾವಿಕವಾಗಿ ದಾಟುವ ರೋಗಗಳು ಎಂಬ ಅರ್ಥವಿದೆ. ಆ ‘ನಡುವೆ’ ಎಂಬುದೇ ಲಕ್ಷಣದ ಪ್ರಾಣ. ಕನ್ನಡಕ್ಕೆ ಬರುವಾಗ ಅದು ಬಿದ್ದುಹೋಗಿ ‘ಜನ್ಯ’ ಸೇರಿಕೊಂಡಿತು.

ನಡೆದ ಸಂಗತಿಗಳು ಯಾವ ಪಕ್ಷವನ್ನು ಹಿಡಿಯುತ್ತವೆ? ೧೯೬೮ರಲ್ಲಿ ಬಂಡೀಪುರ, ಮುದುಮಲೆಗಳ ಕಾಟಿಯ ಹಿಂಡುಗಳು ದೊಡ್ಡರೋಗಕ್ಕೆ ಸಿಕ್ಕಿ ತೀರ ಕ್ಷೀಣಿಸಿದವು. ದೊಡ್ಡರೋಗ ಊರಿನ ದನಗಳ ರೋಗ (ಇದೂ ವೈರಾಣುವಿನದೇ). ದನಗಳಿಗೆ ಲಸಿಕೆ ಹಾಕಿಯೇ ಲೋಕದಿಂದ ಅದನ್ನು ನಿರ್ಮೂಲಮಾಡಿದ್ದು, ಹಾಗೆಂದು ಸಾರಿದ್ದು ೨೦೧೧ರಲ್ಲಿ. ಬ್ಯಾಕ್ಟೀರಿಯದ ರೋಗಗಳಲ್ಲಿಯೂ ಇದೇ ಕ್ರಮ. ಅಮೆರಿಕದ ಯೆಲ್ಲೋಸ್ಟೋನ್ ಕಾಡಿನ ಕಾಡೆತ್ತುಗಳಲ್ಲಿ ಕಂದುರೋಗ ಮೊದಲು ಗೊತ್ತಾದುದು ೧೯೧೭ರಲ್ಲಿ. ಅದು ಸಾಕಿದ ದನಗಳಿಂದ ಬಂದುದು. ಅದೇ ರೋಗ ಈಗ ಆ ಸೀಮೆಯ ಎಲ್ಕ್ ಎಂಬ ದೊಡ್ಡ ಜಿಂಕೆಗಳಿಂದ ದನಗಳಿಗೆ ಮರಳುತ್ತಿದೆ. ಮಿಶಿಗನ್ ಪ್ರಾಂತದ ಜಿಂಕೆಗಳಲ್ಲಿ ೧೯೯೪ರಲ್ಲಿ ದನದ ಕ್ಷಯ ಕಂಡುಬಂದಿತು. ಬೇಟೆಗಾರರು ಜಿಂಕೆಗಳಿಗಾಗಿ ರಾಶಿರಾಶಿಯಾಗಿ ಮೇವು ಸುರಿದು ಅವುಗಳ ಮೂತಿಗಳನ್ನು ಒಂದೆಡೆ ಸೇರಿಸಿದುದು ಅದಕ್ಕೆ ನೀರೆರೆಯಿತು. ಊರಿನಿಂದ ಕಾಡಿಗೆ ಹೋದುದು ಕಾಡಿನಲ್ಲಿ ಬೇರೂರಿ ಊರಿಗೆ ತಿರುಗಿಬರುತ್ತದೆ. ತಿರುಗಿಬಂದ ದಿನವನ್ನು ಮಾತ್ರ ನೋಡಿ ‘ಜನ್ಯ’ ಎನ್ನುವುದು ಕೊನೆಯ ಅಂಕವನ್ನಷ್ಟೆ ನೋಡಿ ನಾಟಕವನ್ನು ವಿಮರ್ಶಿಸಿದಂತೆ.

ನಮ್ಮ ನಾಡಿನಲ್ಲಿಯೇ ೨೦೨೫ರ ನವೆಂಬರಿನಲ್ಲಿ ಬೆಳಗಾವಿಯ ಬಳಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ೩೧ ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಸತ್ತವು. ಪರೀಕ್ಷೆಯಲ್ಲಿ ತಿಳಿದುದು ಗಳಲೆ: ದನ ಎಮ್ಮೆಗಳ ಗಂಟಲು ಹಿಡಿಯುವ, ಮಳೆಗಾಲಕ್ಕೆ ಮೊದಲೆ ರೈತರು ತಮ್ಮ ಮಂದೆಗೆ ಚುಚ್ಚಿಸುವ ಲಸಿಕೆಗೆ ಪಾತ್ರವಾದ, ಅದೇ ಹಳೆಯ ರೋಗ. ಮನುಷ್ಯನಿಗೆ ಇದರಿಂದ ಭಯ ತೀರ ಕಡಮೆ. ಈ ಸಂದರ್ಭದಲ್ಲಿ ನಮ್ಮ ಹಳೆಯ ಪದ ಎಷ್ಟು ಉಪಕಾರ ಮಾಡಿತೆಂಬುದನ್ನು ನೋಡಬೇಕು. ‘ಗಳಲೆ’ ಎಂದ ಕೂಡಲೆ ಓದಿದ ರೈತನಿಗೆ ರೋಗ ಯಾವುದು, ಕಾಲ ಯಾವುದು, ಲಸಿಕೆ ಯಾವುದು ಎಂಬುದೆಲ್ಲ ತಿಳಿಯುತ್ತದೆ. ಹುಲ್ಲೆಗೂ ತನ್ನ ಎಮ್ಮೆಗೂ ಒಂದೇ ಬೇನೆಯೆಂಬುದೂ ತಿಳಿಯುತ್ತದೆ. ಮೃಗ, ಪಶು ಎಂಬ ಎರಡು ಪದಗಳು ಸಾವಿರ ವರ್ಷ ಬೇರೆಬೇರೆಯಾಗಿ ಇಟ್ಟುದನ್ನು ಒಂದು ಹಳ್ಳಿಯ ಮಾತು ಕೂಡಿಸಿತು.

ಹಾಗಾದರೆ ಹೆಡಿಯಾಲದ ಅಂಚಿನ ಊರುಗಳವರಿಗೆ ನಿಜವಾದ ಅಪಾಯ ಎಲ್ಲಿದೆ? ಬದುಕಿ ಓಡಾಡುವ ಜಿಂಕೆಯಿಂದಲ್ಲ, ಸತ್ತ ಪ್ರಾಣಿಯಿಂದ. ಗಾಯವಿಲ್ಲದೆ ಸತ್ತು ಬಿದ್ದ ಜಿಂಕೆಯನ್ನೊ ಕಡವೆಯನ್ನೊ ಕಂಡವನು ಅದನ್ನು ಕೊಯ್ದು ಮಾಂಸ ಹಂಚಿಕೊಂಡರೆ, ಅದು ನೆರಡಿಯಾಗಿದ್ದ ಪಕ್ಷದಲ್ಲಿ, ಕೊಯ್ದ ಕೈಯ ಮೇಲೆ ಕರಿಯ ಹುಣ್ಣು ಏಳುತ್ತದೆ, ತಿಂದವರ ಕರುಳಿಗೆ ರೋಗ ಇಳಿಯುತ್ತದೆ, ಚೆಲ್ಲಿದ ರಕ್ತ ಗಾಳಿ ತಾಗಿ ಬೀಜಕವಾಗಿ ಅಲ್ಲಿಯ ಮಣ್ಣಿಗೆ ವರ್ಷಗಟ್ಟಲೆ ನಂಜು ಹಿಡಿಯುತ್ತದೆ. ಮುಂದಿನ ಬೇಸಗೆಯಲ್ಲಿ ಅಲ್ಲಿ ಮೇಯುವುದು ಅವನದೇ ದನ. ಮೂಗಿನಲ್ಲಿ, ಗುದದಲ್ಲಿ ಹೆಪ್ಪುಗಟ್ಟದ ರಕ್ತ ಒಸರುವುದು ಇದರ ಗುರುತು. ಇಂಥದನ್ನು ಕಂಡವನು ಹೇಳದೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಉಂಟೆಂದು ನನಗೆ ತೋರುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಹುಲ್ಲೆಗೆ ಕೊನೆಗೂ ಒಡೆಯನು ದೊರೆತನು, ಸರಕಾರವೇ ಒಡೆಯ. ಅದರಿಂದ ಹುಲ್ಲೆಗೆ ವೈದ್ಯನೂ ದೊರೆತನು. ಜೊತೆಗೆ, ಸತ್ತ ಹುಲ್ಲೆಯ ಬಳಿ ನಿಂತವನ ಮೇಲೆ ಸಂಶಯವೂ ಹುಟ್ಟಿತು. ಹೇಳಿದರೆ ನನ್ನ ಮೇಲೆಯೇ ಮೊಕದ್ದಮೆ ಬಂದೀತೆಂದು ಹೆದರುವವನಿಗೆ ‘ಪ್ರಾಣಿಜನ್ಯ’ದ ಕರಪತ್ರ ಧೈರ್ಯಕೊಡಲಾರದು. ಬೇನೆಯನ್ನು ಮೊದಲು ಕಾಣುವವನು ವನಪಾಲಕನಾಗಲಿ ವೈದ್ಯನಾಗಲಿ ಅಲ್ಲ, ದನಕಾಯುವವನು.

ಕರಪತ್ರಗಳ ಗದ್ಯವನ್ನೂ ಎರಡು ಮಾತಿನಲ್ಲಿ ವಿಮರ್ಶಿಸಬೇಕು. ‘ಕಳೇಬರವನ್ನು ವೈಜ್ಞಾನಿಕವಾಗಿ ವಿಲೇವಾರಿ ಮಾಡತಕ್ಕದ್ದು’ ಎಂಬ ಜಾತಿಯ ವಾಕ್ಯ ಅವುಗಳಲ್ಲಿ ಸಾಮಾನ್ಯ. ವಾಕ್ಯಕ್ಕೆ ಕರ್ತೃವಿಲ್ಲ, ‘ವೈಜ್ಞಾನಿಕವಾಗಿ’ ಎಂಬುದು ಬಲ್ಲವನಿಗೆ ಬೇಡ, ಅರಿಯದವನಿಗೆ ತಿಳಿಯದು. ಗೋವೈದ್ಯದ ಕಾಲದಿಂದ ನಡೆದುಬಂದ ಕನ್ನಡ ಶಾಸ್ತ್ರಗದ್ಯದ ಕ್ರಮ, ಇಂಥದನ್ನು ಇಷ್ಟು ತೆಗೆದುಕೊಂಡು ಹೀಗೆ ಮಾಡು ಎಂದು ಎದುರಿಗಿರುವವನಿಗೆ ಹೇಳುವುದು. ಸುತ್ತೂರಿನಲ್ಲಿಯೂ ಮುಡುಕುತೊರೆಯಲ್ಲಿಯೂ ದನಗಳ ಜಾತ್ರೆಗೆ ಬಂದವರ ಕೈಗೆ ಕೊಡುವ ಹಾಳೆಯನ್ನು ಆ ಕ್ರಮದಲ್ಲಿ ಬರೆದರೆ ಹೀಗಾಗುತ್ತದೆ: ‘ಕಾಡಿನ ಜಿಂಕೆಗೂ ನಿಮ್ಮ ದನಕ್ಕೂ ನಿಮಗೂ ಅಂಟುವ ಬೇನೆಗಳಿವೆ. ಗಾಯವಿಲ್ಲದೆ ಸತ್ತುದನ್ನು ಮುಟ್ಟಬೇಡಿ, ಕೊಯ್ಯಬೇಡಿ, ತಿನ್ನಬೇಡಿ. ಪಶುವೈದ್ಯರಿಗೆ ಹೇಳಿಕಳುಹಿಸಿ, ಹೇಳಿದವರಿಗೆ ತೊಂದರೆಯಿಲ್ಲ. ಅವರು ಬಂದು ಸುಡಿಸುತ್ತಾರೆ, ಇಲ್ಲವೆ ಆರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸುತ್ತಾರೆ. ಹಸು ಕಂದುಹಾಕಿದರೆ ಬರಿಗೈಯಲ್ಲಿ ಎತ್ತಬೇಡಿ. ಹಾಲನ್ನು ಕಾಯಿಸದೆ ಕುಡಿಯಬೇಡಿ. ನಾಲ್ಕು ತಿಂಗಳು ತುಂಬಿ ಎಂಟು ದಾಟದ ಹೆಣ್ಣುಕರುವಿಗೆ ಕಂದಿನ ಲಸಿಕೆಯನ್ನು, ಮಳೆಗೆ ಮೊದಲು ಮಂದೆಗೆಲ್ಲ ಗಳಲೆ ಚಪ್ಪೆಗಳ ಲಸಿಕೆಯನ್ನು ಹಾಕಿಸಿ.’ ಇವುಗಳಲ್ಲಿ ‘ಹೇಳಿದವರಿಗೆ ತೊಂದರೆಯಿಲ್ಲ’ ಎಂಬ ವಾಕ್ಯವೊಂದನ್ನು ಮಾತ್ರ ಬರೆಹಗಾರನು ತಾನೇ ಬರೆದುಬಿಡುವಂತಿಲ್ಲ; ಅದಕ್ಕೆ ಅರಣ್ಯದ ಅಧಿಕಾರಿಗಳ ಒಪ್ಪಿಗೆ ಬೇಕು.